ಇಸ್ತ್ರಿ ಮಾಮ ಹಾಸಿದ ಹಾಸಿಗೆ

ಇಪ್ಪತ್ತೆಂಟು ವರ್ಷ ಇಸ್ತ್ರಿ ಅಂಗಡಿ ನಡೆಸಿದವನಿಗೆ ಸುಕ್ಕು ಕಂಡರೆ ಮೈಯೆಲ್ಲ ಉರಿ. ಅಂಗಡಿ ಮುಚ್ಚಿದ ಮೇಲೂ ಎಲ್ಲರಿಗೂ ಅವನು ಇಸ್ತ್ರಿ ಮಾಮನೇ. ಊಟಕ್ಕೆ ಕೂತರೆ ಮೊದಲು ಮೇಜಿನ ಬಟ್ಟೆ ನೀವಬೇಕು. ಅಷ್ಟರಲ್ಲಿ ಊಟ ತಣ್ಣಗಾಗಿರುತ್ತಿತ್ತು. ಇಂಥವನನ್ನು ಅವನಕ್ಕ ತನ್ನ ಹಸುಗಳ ಕೊಟ್ಟಿಗೆಗೆ ಕರೆಸಿ ಹಾಸಿಗೆಯ ಉಸ್ತುವಾರಿ ಒಪ್ಪಿಸಿದಳು. ಅಕ್ಕನ ಮಾತಿಗೆ ಎದುರಾಡುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ತಮ್ಮನಿಗಂತೂ ಮೊದಲೇ ಇಲ್ಲ.

ಅದು ಸಿಮೆಂಟು ನೆಲದ ಕೊಟ್ಟಿಗೆಯಲ್ಲ. ಮೊಣಕಾಲೆತ್ತರ ಮರದ ಹೊಟ್ಟಿನ ಹಾಸಿಗೆ ಹರಡಿ, ಹಸುಗಳನ್ನು ಕಟ್ಟದೆ ಬಿಟ್ಟಿದ್ದರು. ಸಗಣಿ, ಗಂಜಲ ಬಿದ್ದ ಹೊಟ್ಟನ್ನು ದಿನಕ್ಕೆ ಎರಡು ಸಲ, ಹಸುಗಳು ಹಾಲು ಕೊಡಲು ಹೋದಾಗ, ಟಿಲ್ಲರ್ ಓಡಿಸಿ ಬುಡಮೇಲು ಮಾಡಬೇಕು. ಗಾಳಿಯಾಡಿದರೆ ಒಳಗೆ ಗೊಬ್ಬರ ಬಿಸಿಯಾಗಿ ಮೇಲೆ ಒಣಗಿರುತ್ತದೆ. ಮಾಮ ಚಾಚೂ ತಪ್ಪದೆ ಟಿಲ್ಲರ್ ಓಡಿಸಿದ. ಆಮೇಲೆ ಯಾರೂ ಹೇಳದ ಕೆಲಸವನ್ನೂ ಮಾಡಿದ: ಅಗಲದ ಹಲಗೆ ಹಿಡಿದು ಮೂಲೆಮೂಲೆಯನ್ನೂ ತಟ್ಟಿ, ಒತ್ತಿ, ನುಣ್ಣಗೆ ಮಾಡಿದ. ಹಸುಗಳು ತುಳಿದು ಕೆಡಿಸಿದರೆ ಗೊಣಗುತ್ತಾ ಮತ್ತೆ ಒತ್ತಿದ.

ಮೂರನೇ ವಾರಕ್ಕೆ ಹಸುಗಳ ತೊಡೆಗೆಲ್ಲ ಕೆಸರು ಮೆತ್ತಿತು. ಶರ್ಟಿನ ಕಾಲರ್ ನೆಕ್ಕಿದರೂ ಮಾಮ ಬೈಯದ ಒಂದೇ ಹಸು ಚುಕ್ಕಿ. ಒದ್ದೆಯಲ್ಲಿ ಮಲಗಲೊಲ್ಲದೆ ಅದು ನಿಂತೇ ಇತ್ತು. ಕಾಲು ಊದಿತು, ಹಾಲು ಅರ್ಧಕ್ಕಿಳಿಯಿತು.

"ಭಾನುವಾರ ದನದ ವ್ಯಾಪಾರಿ ಗಾಡಿ ಬರುತ್ತೆ. ಅದನ್ನ ಮಾರಿಬಿಡೋದೇ" ಎಂದಳು ಅಕ್ಕ. ಮಾಮ ಚುಕ್ಕಿಯ ಕತ್ತು ಸವರಿದ. ಆದರೂ ಹೂಂ ಎಂದು ತಲೆಯಾಡಿಸಿದ.

ಮರುದಿನ ದನದ ಡಾಕ್ಟರಮ್ಮ ಬಂದು ಹಾಸಿಗೆಯೊಳಗೆ ಉದ್ದನೆಯ ಥರ್ಮಾಮೀಟರ್ ಚುಚ್ಚಿದರು. "ತಣ್ಣಗೆ ಕೊರೀತಿದೆಯಲ್ರೀ! ಉಸಿರಾಡೋಕೂ ಬಿಡದ ಹಾಗೆ ಯಾರು ಇದನ್ನ ಒತ್ತಿ ಕೂರಿಸಿದ್ದು?"

ಹಲಗೆ ಮಾಮನ ಕೈಯಲ್ಲೇ ಇತ್ತು. "ನೋಡೋಕೆ ಚೆನ್ನಾಗಿರಲಿ ಅಂತ..."

"ಯಾರು ನೋಡೋಕೆ?" ಎಂದರು ಡಾಕ್ಟರಮ್ಮ.

ಮಾಮ ಹಲಗೆ ಕೆಳಗಿಟ್ಟು ಟಿಲ್ಲರ್ ಹಿಡಿದ. ಆಳಕ್ಕೆ ಇಳಿಸಿ ಉತ್ತ, ಒಣ ಹೊಟ್ಟು ಬೆರೆಸಿದ, ಮತ್ತೆ ಉತ್ತ. ಎಲ್ಲಿ ನೋಡಿದರೂ ಹೆಂಟೆ, ಗುಂಡಿ. ಪಾಪ, ಅವನ ಕಣ್ಣಿಗೆ ಅದು ಶಿಕ್ಷೆ. ಹಲಗೆಯತ್ತ ಮನಸ್ಸು ಎಳೆದಾಗಲೆಲ್ಲ ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತ. ಶನಿವಾರ ಉತ್ತ ಕಡೆಯಿಂದ ಬೆಚ್ಚಗೆ ಹಬೆ ಎದ್ದಿತು.

ಭಾನುವಾರ ಬೆಳಿಗ್ಗೆ ಗಾಡಿ ಬಂದು ನಿಂತಾಗ ಚುಕ್ಕಿ ಹೆಂಟೆಗಳ ನಡುವೆ ಕಾಲು ಚಾಚಿ ಮಲಗಿ ಮೆಲುಕು ಹಾಕುತ್ತಿತ್ತು.

"ಎಬ್ಬಿಸೋ" ಎಂದಳು ಅಕ್ಕ, ಬಾಗಿಲಿನಿಂದಲೇ.

"ಎಬ್ಬಿಸಲ್ಲ."

ಐವತ್ತಾರು ವರ್ಷದಲ್ಲಿ ತಮ್ಮನಿಂದ ಅಂಥ ಮಾತು ಕೇಳಿರದ ಅಕ್ಕ ಒಳಗೆ ಕಾಲಿಟ್ಟಳು.

"ಈಗಷ್ಟೇ ಮಲಗಿದೆ ಅಕ್ಕಾ" ಎಂದ ಮಾಮ. "ಇಷ್ಟು ದಿನ ನಿಂತಿದ್ದು ನನ್ನ ತಪ್ಪಿಗೆ. ಕಳಿಸೋದಾದರೆ ನನ್ನನ್ನ ಕಳಿಸು."

ಹೊರಗೆ ಗಾಡಿಯವನು ಹಾರನ್ ಹೊಡೆದ. ಅಕ್ಕ ಅತ್ತ ತಿರುಗಿ ಗದರಿದಳು: "ಸದ್ದು ಮಾಡಬೇಡಯ್ಯಾ, ಒಳಗೆ ಹಸು ಮಲಗಿದೆ!"