ಬಂಡಳ್ಳಿ ಮಾದಣ್ಣನ ಹೂಂ

ದೆವ್ವ, ಗಾಳಿ, ಸತ್ತವರ ಸುಳಿವು ಎಂದು ಯಾರಾದರೂ ಶುರು ಮಾಡಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅದರಲ್ಲೂ ಕುಡಿದವರು ಹೇಳಿದರೆ ಮುಗಿದೇಹೋಯಿತು. ಈಗ ನಾನೇ ಅಂಥದ್ದೊಂದನ್ನು, ಅದೂ ಬಾರಿನ ಹಿತ್ತಿಲಲ್ಲಿ ನಡೆದದ್ದನ್ನು, ಬರೆಯಲು ಕೂತಿದ್ದೇನೆ. ಓದುವವರು ನಕ್ಕರೆ ಬೇಸರವಿಲ್ಲ. ಅವರ ಜಾಗದಲ್ಲಿದ್ದಿದ್ದರೆ ನಾನೂ ನಗುತ್ತಿದ್ದೆ.

ತೊಂಬತ್ತರ ದಶಕದಲ್ಲಿ ನಾನು ಕೊಳ್ಳೇಗಾಲದಲ್ಲಿ ನೌಕರಿಯಲ್ಲಿದ್ದೆ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಬಾರ್ ಇತ್ತು. ಅದರ ಹಿತ್ತಿಲಲ್ಲಿ ತಗಡಿನ ಶೀಟು ಹೊದಿಸಿದ ಚಪ್ಪರ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಆ ಚಪ್ಪರ ನಮ್ಮದು. ನಾಟಕದ ಹುಚ್ಚು ಹತ್ತಿಸಿಕೊಂಡಿದ್ದ ಒಬ್ಬ ಮೇಷ್ಟ್ರು, ಹಾಡು ಬಲ್ಲ ಒಬ್ಬ ರೇಷ್ಮೆಗೂಡಿನ ವ್ಯಾಪಾರಿ, ಪದ್ಯ ಗೀಚುತ್ತಿದ್ದ ನಾನು, ಇನ್ನೂ ಒಂದಿಬ್ಬರು. ಒಂದು ಪೆಗ್ಗು, ಒಂದು ಪ್ಲೇಟು ಕಡಲೆಬೀಜದಲ್ಲಿ ಸಂಜೆಯವರೆಗೆ ಹಾಡು, ನಾಟಕದ ಮಾತು. ನಾನು ಪದ್ಯ ಓದುವಾಗ ಮಾತ್ರ ಎಲ್ಲರೂ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದರು. ಆದರೂ ಅಷ್ಟು ಸುಖವಾದ ಮಧ್ಯಾಹ್ನಗಳನ್ನು ನಾನು ಮತ್ತೆ ಕಂಡಿಲ್ಲ.

ಎಲ್ಲರೂ ಕಾಯುತ್ತಿದ್ದುದು ಮಧುವನಹಳ್ಳಿಯ ಸಿದ್ದಣ್ಣನ ಕತೆಗೆ. ನಮ್ಮ ಕಡೆ ಕತೆ ಹೇಳುವವನಿಗೆ ಹೂಂಗುಟ್ಟುವವನೊಬ್ಬ ಬೇಕೇ ಬೇಕು. ಒಂದು ಮಾತಿಗೆ 'ಹೂಂ' ಬಿದ್ದರಷ್ಟೇ ಮುಂದಿನ ಮಾತು ಹೊರಡುತ್ತದೆ. ಸಿದ್ದಣ್ಣನಿಗೆ ಹೂಂಗುಟ್ಟುತ್ತಿದ್ದವನು ಬಂಡಳ್ಳಿಯ ಮಾದಣ್ಣ. ಇಬ್ಬರೂ ಪ್ರಾಯದಲ್ಲಿ ಜೊತೆಯಾಗಿ ಎತ್ತಿನ ಗಾಡಿ ಹೊಡೆದವರು. ಮಾದಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿ, ಮೂಗಿನಲ್ಲೇ ಹೂಂ ಎನ್ನುತ್ತಿದ್ದ. ನಿದ್ದೆ ಮಾಡುತ್ತಿದ್ದಾನೆ ಅಂದುಕೊಂಡರೆ ಕೆಟ್ಟೆವು. ಸಿದ್ದಣ್ಣ ಕತೆಯಲ್ಲಿ ಏನನ್ನಾದರೂ ಹಾರಿಸಿದರೆ ಹೂಂ ನಿಂತುಹೋಗುತ್ತಿತ್ತು. ಅವನು ಹಿಂದಕ್ಕೆ ಹೋಗಿ ಬಿಟ್ಟದ್ದನ್ನು ಸೇರಿಸಿದ ಮೇಲೆಯೇ ಮತ್ತೆ ಹೂಂ.

ಒಂದು ಭಾನುವಾರ ಸಿದ್ದಣ್ಣ ನಾವು ಕೇಳಿರದ ಒಂದು ಕತೆ ತೆಗೆದ. ಕಳೆದುಹೋದ ಎಮ್ಮೆ ಹುಡುಕಿಕೊಂಡು ಕಾಡಿಗೆ ಹೊರಟ ಸೊಸೆಯ ಕತೆ. ಅವಳು ಹೊಸಿಲು ದಾಟುವಷ್ಟರಲ್ಲಿ ಮಾದಣ್ಣನ ಬಸ್ಸಿಗೆ ಹೊತ್ತಾಯಿತು. ಉಳಿದದ್ದು ಮುಂದಿನ ವಾರ ಎಂದು ಎದ್ದರು. ಆ ವಾರವೇ ಜ್ವರ ಬಂದು ಮಾದಣ್ಣ ತೀರಿಕೊಂಡ.

ಆಮೇಲೆ ಸಿದ್ದಣ್ಣ ಬರುತ್ತಿದ್ದ, ಕೂರುತ್ತಿದ್ದ, ಬಾಯಿ ಮಾತ್ರ ಬಿಚ್ಚುತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟ ಕತೆ ಕೇಳಿದವನನ್ನೂ ಹೇಳಿದವನನ್ನೂ ನೆಮ್ಮದಿಯಾಗಿರಲು ಬಿಡುವುದಿಲ್ಲ ಎನ್ನುವುದು ಅವನ ನಂಬಿಕೆ. ನೋಡಿ ನೋಡಿ ನಮಗೆ ಸಂಕಟವಾಗುತ್ತಿತ್ತು. ಕೊನೆಗೊಂದು ದಿನ ಅವನಾಗಿಯೇ ಹೇಳಿದ:

"ಇವತ್ತು ಮುಗುಸ್ಬುಡ್ತೀನಿ ಸಾ. ಆಗ್ನಿಲ್ಲ ಅಂದ್ರೆ ಇನ್ಯಾವತ್ತೂ ನನ್ನ ಕತೆ ಕೇಳ್ಬ್ಯಾಡಿ."

ಹೊಸಿಲಿನಿಂದಲೇ ಶುರು ಮಾಡಿದ. ಮೇಷ್ಟ್ರು ಹೂಂಗುಟ್ಟಲು ಹೊರಟರು. ಅವರ ಹೂಂ ಹಾಜರಿ ಕೂಗಿದಂತೆ, ಮಾತು ಮುಗಿಯುವ ಮೊದಲೇ ಬಂದು ಬೀಳುತ್ತಿತ್ತು. ನಾನೂ ಹೂಂಗುಟ್ಟಿ ನೋಡಿದೆ, ನನ್ನದು ಅದಕ್ಕಿಂತ ಕಡೆ. ಸಿದ್ದಣ್ಣ ಮತ್ತೆ ಮತ್ತೆ ಎಡವಿದ. ಟವೆಲಿನಿಂದ ಮುಖ ಒರೆಸಿಕೊಂಡ. ಇನ್ನು ಎದ್ದೇಬಿಡುತ್ತಾನೆ ಅನ್ನಿಸಿತು. ಹೇಗೋ ಇನ್ನೊಂದು ಮಾತು ಹೇಳಿದ.

"ಹೂಂ."

ಗೋಡೆಯ ಕಡೆಯಿಂದ, ಮೂಗಿನಲ್ಲಿ.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿದ್ದಣ್ಣ ತಿರುಗಿಯೂ ನೋಡಲಿಲ್ಲ. ಅವನ ದನಿ ಗಟ್ಟಿಯಾಯಿತು, ಕತೆ ನಡೆಯಿತು, ಹೂಂ ಅದರ ಹಿಂದೆಯೇ ಬಂತು. ಹೊರಗೆ ಇನ್ನೂ ಬಿಸಿಲಿತ್ತು. ಯಾರೂ ಎರಡನೇ ಪೆಗ್ಗಿಗೆ ಕೈ ಹಾಕಿರಲಿಲ್ಲ. ಭಯವಾಯಿತೇ ಎಂದು ಕೇಳಿದರೆ, ಇಲ್ಲ. ಮನೆಗೆ ನೆಂಟರು ಬಂದಾಗಿನ ಹಾಗೆ ಹಿತವಾಗಿತ್ತು.

ಸೊಸೆ ಕಾಡಿನ ಅಂಚಿಗೆ ಬಂದಳು. ಅಲ್ಲಿ ಹೂಂ ನಿಂತಿತು.

ಯಾಕೆಂದು ನಮಗೆ ತಿಳಿಯಲಿಲ್ಲ. ಸಿದ್ದಣ್ಣ ಅಲ್ಲಿಯವರೆಗೆ ಹೇಳಿದ್ದನ್ನೆಲ್ಲ ಬೆರಳು ಮಡಚಿ ಎಣಿಸಿದ. ಆಮೇಲೆ ಅವನ ಮುಖದ ಮೇಲೆ ನಗು ಮೂಡಿತು.

"ಬಾವಿತಾವ ಮುದುಕಿಗೆ ನೀರು ಸೇದ್ಕೊಟ್ಟುದ್ದ ಬುಟ್ಬುಟ್ಟೆ, ಅಲ್ವ? ತಡಿಲಾ ಮಾದ, ಯೋಳ್ತೀನಿ."

"ಹೂಂ."

ಎಮ್ಮೆ ಹೋದ ದಾರಿ ತೋರಿಸಿದವಳು ಆ ಮುದುಕಿಯೇ ಎಂದು ಆಮೇಲೆ ಗೊತ್ತಾಯಿತು. ಅವಳನ್ನು ಬಿಟ್ಟಿದ್ದರೆ ಎಮ್ಮೆಯೂ ಸಿಗುತ್ತಿರಲಿಲ್ಲ, ಕತೆಯೂ ಮುಗಿಯುತ್ತಿರಲಿಲ್ಲ. ಸೊಸೆ ಎಮ್ಮೆ ಹೊಡೆದುಕೊಂಡು ಮನೆ ಸೇರಿದಳು. ಸಿದ್ದಣ್ಣ ಕೈ ಮುಗಿದು ಗಟಗಟನೆ ಒಂದು ಲೋಟ ನೀರು ಕುಡಿದ.

ನಾನು ಎಲ್ಲರನ್ನೂ ಅನುಮಾನಿಸಿದ್ದಾಯಿತು. ಗೋಡೆಯ ಆಚೆ ಹೋಗಿ ನೋಡಿದೆ, ಖಾಲಿ ಸೈಟು. ಅನುಕರಣೆ ಮಾಡಬಲ್ಲವರು ಎಂದರೆ ಮೇಷ್ಟ್ರು ಒಬ್ಬರೇ. ಅವರು ಮಕ್ಕಳ ಮೇಲೆ ಆಣೆಯಿಟ್ಟರು. ಹೋಗಲಿ, ದನಿಯನ್ನು ಯಾರೋ ಅನುಕರಿಸಿದರು ಎನ್ನೋಣ. ಎಲ್ಲಿ ನಿಲ್ಲಿಸಬೇಕೆಂದು ಅವರಿಗೆ ಹೇಗೆ ತಿಳಿಯಿತು? ಬಾವಿಯ ಮುದುಕಿಯ ವಿಷಯ ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಆ ಕತೆಯನ್ನು ಸಿದ್ದಣ್ಣ ತನ್ನ ತಾಯಿಯಿಂದ ಕೇಳಿದ್ದ. ಆಮೇಲೆ ಹೇಳಿದ್ದು ಮಾದಣ್ಣನೊಬ್ಬನಿಗೇ, ಗಾಡಿ ಹೊಡೆಯುವಾಗ.

ಬಸ್ಸಿನವರೆಗೆ ಜೊತೆಯಲ್ಲಿ ನಡೆಯುತ್ತಾ, ಅದು ಏನೆಂದು ಸಿದ್ದಣ್ಣನನ್ನೇ ಕೇಳಿದೆ. "ನಿಮ್ಗೂ ಕೇಳುಸ್ತಲ್ಲ ಸಾ, ಇನ್ನೇನ್ ಬೇಕು?" ಎಂದು ಬಸ್ಸು ಹತ್ತಿದ.

ಆಮೇಲೆ ನಮ್ಮ ಕೂಟ ಇರುವವರೆಗೂ ಸಿದ್ದಣ್ಣ ಖುಷಿಯಾಗಿ ಕತೆ ಹೇಳಿದ. ನಮ್ಮ ಒರಟು ಹೂಂಗಳನ್ನೇ ಒಪ್ಪಿಕೊಂಡ. ಆ ಹೂಂ ಮತ್ತೆ ಕೇಳಲಿಲ್ಲ. ಅದು ಏನು ಎಂದು ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಆದರೆ ಬರೆದದ್ದನ್ನು ಒಬ್ಬನೇ ಕೂತು ಗಟ್ಟಿಯಾಗಿ ಓದಿಕೊಳ್ಳುವಾಗ ಒಮ್ಮೊಮ್ಮೆ ನಿಲ್ಲಿಸುತ್ತೇನೆ. ಮನೆಯೆಲ್ಲ ಸುಮ್ಮನಿರುತ್ತದೆ. ಬಾವಿಯ ಹತ್ತಿರ ಯಾರನ್ನೋ ಬಿಟ್ಟು ಬಂದೆನೇನೋ ಎಂದು ಹಿಂದಕ್ಕೆ ಹೋಗಿ ಮತ್ತೆ ಓದುತ್ತೇನೆ.