ಪುಣೆಯಿಂದ ಬಂದ ಬಸುರಿ

ಹಂದಿಜ್ವರ ಬಂದ ವರ್ಷ ನಾನು ನಾಲತವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಸರ್ಕಾರಿ ಡಾಕ್ಟರಾಗಿದ್ದೆ. ಪುಣೆಯಲ್ಲಿ ಜನ ಸಾಯುತ್ತಿದ್ದಾರೆಂದು ಟಿವಿಯಲ್ಲಿ ಬಂದದ್ದೇ ತಡ, ಅಲ್ಲಿ ಕಟ್ಟಡ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗಿದ್ದ ನಮ್ಮೂರವರು ಗಂಟುಮೂಟೆ ಕಟ್ಟಿಕೊಂಡು ವಾಪಸು ಬರತೊಡಗಿದರು. ಅವರಲ್ಲಿ ಏಳು ತಿಂಗಳ ಬಸುರಿಯೊಬ್ಬಳಿದ್ದಳು. ಬಸ್ಸಿಳಿಯುವಾಗಲೇ ಜ್ವರ, ಕೆಮ್ಮು. ಓಣಿಯವರು ಅವಳನ್ನು ತವರುಮನೆಯೊಳಗೆ ಬಿಡಲಿಲ್ಲ. ತಾಯಿ ಜಗಳಾಡದೆ ಮಗಳನ್ನು ಹೊಲದ ಗುಡಿಸಲಿಗೆ ಕರೆದೊಯ್ದಳು.

ಮರುದಿನ ನರ್ಸ್ ಹೇಳಿದ ಮೇಲೆ ನನಗೆ ಗೊತ್ತಾಯಿತು. ತೊಗರಿ ಸಾಲಿನ ನಡುವೆ ಎರೆಮಣ್ಣು ತುಳಿಯುತ್ತ ಹೋದೆವು. ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತುಟಿ ನೀಲಿಗಟ್ಟಿತ್ತು. ನನ್ನಲ್ಲಿ ಆ ಜ್ವರದ ಗುಳಿಗೆಯೂ ಇರಲಿಲ್ಲ, ಆಕ್ಸಿಜನ್ನೂ ಇರಲಿಲ್ಲ. ಬಿಜಾಪುರಕ್ಕೇ ಒಯ್ಯಬೇಕಿತ್ತು.

ಆಂಬುಲೆನ್ಸ್ ಬೇರೆ ಕಡೆ ಹೋಗಿತ್ತು, ಊರಲ್ಲಿ ಜೀಪಿದ್ದವನು ಒಬ್ಬನೇ. “ತಪ್ಪ ತಿಳೀಬ್ಯಾಡ್ರಿ ಡಾಕ್ಟರ್ ಬಾಯಾರ, ಮನ್ಯಾಗ ಸಣ್ಣ ಕೂಸೈತಿ. ನಾ ಹ್ಯಾಂಗ ಬರ್ಲಿ?” ಎಂದ.

ಅವನ ಹೆದರಿಕೆ ಸುಳ್ಳಲ್ಲ. ನನಗೂ ಎರಡು ವರ್ಷದ ಮಗಳಿದ್ದಳು.

“ಬಾಯಿಗೆ ಟವೆಲ್ ಕಟ್ಕೊಂಡು ಮುಂದ ಕೂಡ್ರಿ. ಹಿಂದ ಆಕಿ ಬಾಜೂಕ ನಾ ಕೂಡ್ತೇನಿ. ಏರ್ಸೋದು, ಇಳ್ಸೋದು ನಂದು” ಎಂದೆ.

“ನಿಮ್ಮನ್ಯಾಗೂ ಕೂಸೈತಲ್ರಿ?”

“ಐತ್ರಿ.”

ಅವನು ಒಳಗೆ ಹೋಗಿ ಕೀಲಿ ತಂದ.

ದಾರಿಯುದ್ದಕ್ಕೂ ಅವಳು ನನ್ನ ಹೆಗಲಿಗೆ ಒರಗಿದ್ದಳು. ಬಸವನ ಬಾಗೇವಾಡಿ ದಾಟುವಾಗ ನನ್ನ ಕೈ ಹಿಡಿದು ಹೊಟ್ಟೆಯ ಮೇಲಿಟ್ಟುಕೊಂಡಳು.

“ಐತ್ರಿ?”

“ಐತವ್ವ. ಜೋರ ಒದಿಯಾಕತ್ತೈತಿ.”

ಆಗ ಅವಳು ಕಣ್ಣು ಮುಚ್ಚಿ ನಿದ್ದೆಹೋದಳು, ನಾನು ಮಾತ್ರ ಅವಳ ಉಸಿರು ನೋಡುತ್ತಲೇ ಕೂತೆ.

ಜಿಲ್ಲಾ ಆಸ್ಪತ್ರೆಯವರು ಬಾಗಿಲಲ್ಲೇ ಎತ್ತಿಕೊಂಡು ಆಕ್ಸಿಜನ್ ಹಚ್ಚಿದರು. ಗುಳಿಗೆಯೂ ಅಲ್ಲಿತ್ತು. ಊರಿಗೆ ಮರಳಿದ ಮೇಲೆ, ಮಗಳಿಗೆ ತಗಲದಿರಲೆಂದು ನಾನು ಆ ವಾರವೆಲ್ಲ ಮನೆಯ ಕಟ್ಟೆಯ ಮೇಲೆ ಮಲಗಿದೆ. ಮಗಳು ಕಿಟಕಿಯ ಸರಳು ಹಿಡಿದು ಅಳುತ್ತಿದ್ದಳು. ಕೊನೆಗೂ ನನಗೆ ಜ್ವರ ಬರಲಿಲ್ಲ, ಜೀಪಿನವನಿಗೂ ಬರಲಿಲ್ಲ. ನಾನು ಗುಡಿಯ ಮುಂದೆ ನಿಂತು ಎಷ್ಟು ತಿಳಿಹೇಳಿದ್ದರೂ ಹೋಗದ ಊರವರ ಹೆದರಿಕೆ ಇದರಿಂದ ಹೋಯಿತು. ಆಮೇಲೆ ಪುಣೆಯಿಂದ ಕೆಮ್ಮುತ್ತ ಬಂದವರನ್ನು ಯಾರೂ ಹೊಲಕ್ಕೆ ಅಟ್ಟಲಿಲ್ಲ, ಆಸ್ಪತ್ರೆಗೆ ಕರೆತಂದರು.

ಹುಡುಗಿ ಗುಣವಾಗಿ ಬಂದಳು. ನಮ್ಮ ಆಸ್ಪತ್ರೆಯಲ್ಲೇ ಹೆರಿಗೆಯಾಯಿತು, ಹೆಣ್ಣುಕೂಸು. ತೊಟ್ಟಿಲ ಕಾರ್ಯಕ್ಕೆ ಹೋದರೆ ಅದೇ ಓಣಿಯ ಹೆಂಗಸರು ಹೋಳಿಗೆ ಲಟ್ಟಿಸುತ್ತಿದ್ದರು.

“ನಿನಗ ಸಿಟ್ಟಿಲ್ಲೇನವ್ವ?” ಎಂದು ಹುಡುಗಿಯ ತಾಯಿಯನ್ನು ಮೆಲ್ಲಗೆ ಕೇಳಿದೆ.

“ಐತ್ರಿ,” ಎಂದಳು ಆಕೆ. “ಆದ್ರ ಈ ಕೂಸು ಇವ್ರ ನಡುವ ಬೆಳೀಬೇಕಲ್ರಿ.”

ಅಷ್ಟು ಹೇಳಿ ಕೂಸನ್ನು ಪಕ್ಕದ ಮನೆಯ ಮುದುಕಿಯ ತೊಡೆಯ ಮೇಲೆ ಮಲಗಿಸಿ, ನನಗೆ ಬಡಿಸಲು ಎದ್ದಳು.