ತೊಗಟೆ ನೋಡಿ ಹೇಳಿದ ಹೆಸರು

ವಯಸ್ಸು ಮೂವತ್ತು ದಾಟಿದ ಮೇಲೆ ಸಸ್ಯಶಾಸ್ತ್ರ ಕಲಿಯಬೇಕೆಂದು ನಾನು ಅತ್ತಾವರದ ಒಬ್ಬ ಮುದಿ ಮಾಸ್ಟ್ರ ಹಿಂದೆ ಮೂರು ವರ್ಷ ಅಲೆದೆ. ನಲವತ್ತು ವರ್ಷ ಎಲೆ, ಹೂ ಒಣಗಿಸಿ ಕಾಗದಕ್ಕೆ ಅಂಟಿಸಿದವರು ಅವರು. ಯಾವ ಗಿಡ ತೋರಿಸಿದರೂ ಮೊದಲು ಸುಮ್ಮನಿರುತ್ತಿದ್ದರು. ನನಗೋ ಹೆಸರು ನಾಲಿಗೆಯ ತುದಿಯಲ್ಲೇ. ಮಳೆಗಾಲದಲ್ಲಿ ಬೂಸಲು ಬರುತ್ತದೆಂದು ನನ್ನ ಎಲೆಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ, ಅಮ್ಮನ ಒಣಮೀನಿನ ಪಕ್ಕದಲ್ಲೇ ಇಡುತ್ತಿದ್ದೆ. ಮಾಸ್ಟ್ರು ಮೂಸಿ ನೋಡಿ, "ಇದು ಸಮುದ್ರದಲ್ಲಿ ಬೆಳೆಯುವ ಜಾತಿಯೋ?" ಎನ್ನುತ್ತಿದ್ದರು. ಆದರೂ ದೇರೆಬೈಲಿನ ನಮ್ಮ ನೆರೆಕರೆಯವರಿಗೆ ನಾನಾಗಲೇ ಪಂಡಿತ. ಹಾಗೆ ಕರೆಸಿಕೊಳ್ಳುವುದು ನನಗೆ ಬಹಳ ಇಷ್ಟವಾಗಿತ್ತು.

ಆಟಿ, ಅಂದರೆ ಆಷಾಢದ ಅಮಾವಾಸ್ಯೆಯಂದು ನಮ್ಮಲ್ಲಿ ಎಲ್ಲರೂ ಬರಿಹೊಟ್ಟೆಗೆ ಸಪ್ತಪರ್ಣಿ ಎನ್ನುವ ಪಾಲೆಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮೊದಲೇ ಹೋಗಿ, ಕಬ್ಬಿಣ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಆ ಕತ್ತಲಲ್ಲಿ ಪಾಲೆಯೆಂದು ವಿಷದ ಕಾಸರಕದ ತೊಗಟೆ ತಂದು, ಕುಡಿದವರು ಸತ್ತ ಕಥೆಗಳು ಎಲ್ಲ ಊರಿನಲ್ಲೂ ಇವೆ. ಎರಡೂ ಕಹಿಯೇ, ನಾಲಿಗೆಗೆ ಗೊತ್ತಾಗುವುದಿಲ್ಲ.

ಪಕ್ಕದ ಮನೆಯ ಅಕ್ಕನಲ್ಲಿ ಪ್ರತಿವರ್ಷ ತೊಗಟೆ ತರುತ್ತಿದ್ದವರು ಅವರ ಮಾವ. ಆ ವರ್ಷ ಅವರು ತೀರಿಕೊಂಡಿದ್ದರಿಂದ ಅಕ್ಕನ ಗಂಡ ಮೊದಲ ಸಲ ಹೋಗಿ ತಂದಿದ್ದರು. ಬೆಳಗ್ಗೆ ಅಕ್ಕ ಅದನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು.

"ಪಂಡಿತರೇ, ಇದು ಪಾಲೆಯದ್ದೇ ಅಲ್ವಾ? ಒಮ್ಮೆ ನೋಡಿ ಮಾರಾಯ್ರೆ."

"ಪಾಲೆಯೇ ಅಕ್ಕ. ಅದರಲ್ಲಿ ಸಂಶಯ ಎಂತದ್ದು?" ಎಂದೆ.

ಅವರು ಹೋಗಿ ತುಂಬ ಹೊತ್ತಾದ ಮೇಲೆ ನನಗೆ ಹೊಳೆಯಿತು. ಎಲೆಯಿಲ್ಲದೆ, ಹೂವಿಲ್ಲದೆ, ಬರೇ ತೊಗಟೆ ನೋಡಿ ನಾನು ಒಂದು ಮರವನ್ನೂ ಗುರುತಿಸಿದವನಲ್ಲ. ಓಡಿದೆ. ಅವರಲ್ಲಿ ಎಲ್ಲರೂ ಕುಡಿದಾಗಿತ್ತು. ಸಣ್ಣ ಮಗಳು ಬಾಯಿ ಕಹಿಯೆಂದು ಬೆಲ್ಲ ಚೀಪುತ್ತಾ ಕೂತಿದ್ದಳು. ಅವಳ ಮುಖ ನೋಡಲಾಗಲಿಲ್ಲ. "ಭಾವ, ಆ ಮರ ಎಲ್ಲಿ ಉಂಟು?" ಎಂದು ಅಕ್ಕನ ಗಂಡನ ಕೈ ಹಿಡಿದು, ಸುರಿಯುವ ಮಳೆಯಲ್ಲಿ ಅವರನ್ನು ಎಳೆದುಕೊಂಡೇ ಹೋದೆ.

ತೊಗಟೆ ಸುಲಿದ ಮರದ ಕೆಳಗೆ ನಿಂತು ಕತ್ತೆತ್ತಿದೆ. ಕೊಂಬೆ ಕೊಂಬೆಯಲ್ಲೂ ಸುತ್ತಲೂ ಏಳೇಳು ಎಲೆ. ಪಾಲೆಯೇ. ನಾನು ಕೆಸರಿನಲ್ಲೇ ಕುಳಿತುಬಿಟ್ಟೆ.

ಸಂಜೆ ಮಾಸ್ಟ್ರಿಗೆ ಎಲ್ಲವನ್ನೂ ಹೇಳಿದೆ. ಕೊನೆಗೂ ನನ್ನ ಮಾತು ಸರಿಯಾಯಿತಲ್ಲ ಎಂಬ ಸಣ್ಣ ಜಂಬ ಇನ್ನೂ ಉಳಿದಿತ್ತು. ಅವರು ಬೈಯಲಿಲ್ಲ.

"ನೀನು ಹೇಳಿದ್ದು ಸರಿಯೇ. ಆದರೆ ಹೇಳುವಾಗ ನಿನಗೆ ಗೊತ್ತಿರಲಿಲ್ಲ," ಎಂದರು. ಮತ್ತೆ, "ಬರೇ ತೊಗಟೆ ಕೊಟ್ಟರೆ ನನಗೂ ಗೊತ್ತಾಗುವುದಿಲ್ಲ. ಮರ ತೋರಿಸಿ ಅನ್ನುತ್ತೇನೆ," ಎಂದರು.

ಮರುವರ್ಷ ಅಕ್ಕ ಮತ್ತೆ ತೊಗಟೆ ತಂದರು. ನಾನು ಮೊದಲು ಮರ ತೋರಿಸಿ ಎಂದೆ. ಅವರಿಗೆ ನನ್ನ ಮೇಲೆ ಕನಿಕರವೇ ಬಂತು.

"ಹೋದ ವರ್ಷ ನೋಡಿದ ಕೂಡಲೇ ಹೇಳಿದ್ರಲ್ಲ! ಕಲಿತದ್ದೆಲ್ಲ ಮರೆತು ಹೋಯಿತಾ?"

"ಹೌದಕ್ಕ," ಎಂದು ಕೊಡೆ ಬಿಡಿಸಿ ಅವರ ಹಿಂದೆ ಹೊರಟೆ.